ಎಲ್‌ಎಕ್ಸ್‌ಕ್ಯೂಟಿಯಲ್ಲಿ ಸ್ವಂತ ಕೀರಿಂಗ್: ಕ್ರೋಮಿಯಂ ಏಕೆ ಬಳಸುತ್ತಿಲ್ಲ?

ಲಿನಕ್ಸ್‌ನ ಎಲ್‌ಎಕ್ಸ್‌ಕ್ಯೂಟಿ ಡೆಸ್ಕ್‌ಟಾಪ್‌ಗಾಗಿ ನೀವೇ ಒಂದು ಕೀರಿಂಗ್ (ಪಾಸ್‌ವರ್ಡ್‌ಗಳನ್ನು ಬೀಗ ಹಾಕಿ ಇಡುವ ಪ್ರೋಗ್ರಾಂ) ಬರೆಯುತ್ತಿದ್ದೀರಿ, ಆದರೆ ಕ್ರೋಮಿಯಂ ಬ್ರೌಸರ್ ಅದನ್ನು ಏಕೆ ಬಳಸುತ್ತಿಲ್ಲ ಎಂದು ಕೇಳಿದ್ದೀರಿ. ನಿಮ್ಮ ಕೀರಿಂಗ್ ಸೀಕ್ರೆಟ್-ಟೂಲ್‌ಗೆ (ಕೀರಿಂಗ್‌ನಲ್ಲಿ ಗುಟ್ಟುಗಳನ್ನು ಇಡುವ, ತೆಗೆಯುವ ಟರ್ಮಿನಲ್ ಕಮಾಂಡ್) ಸರಿಯಾಗಿ ಉತ್ತರಿಸುತ್ತಿದೆ ಎಂದರೆ, ಕ್ರೋಮಿಯಂ ಅದನ್ನು ಮುಟ್ಟದಿರಲು ಕಾರಣ ಬಹುಶಃ ಕ್ರೋಮಿಯಂನಲ್ಲೇ ಇದೆ. ಪಾಸ್‌ವರ್ಡ್‌ನ ಕೀಲಿ ಎಲ್ಲಿಡಬೇಕೆಂದು ಅದು ಡೆಸ್ಕ್‌ಟಾಪ್‌ನ ಹೆಸರು ನೋಡಿ ತೀರ್ಮಾನಿಸುತ್ತದೆ: ಗ್ನೋಮ್, ಎಕ್ಸ್‌ಎಫ್‌ಸಿಇ ಆದರೆ ಸೀಕ್ರೆಟ್ ಸರ್ವಿಸ್ (ಆ್ಯಪ್‌ಗಳು ಕೀರಿಂಗ್ ಜೊತೆ ಮಾತಾಡುವ ಸಾಮಾನ್ಯ ಪ್ರೋಟೊಕಾಲ್), ಎಲ್‌ಎಕ್ಸ್‌ಕ್ಯೂಟಿ ಆದರೆ 'ಬೇಸಿಕ್'. ಈ ಬೇಸಿಕ್‌ನಲ್ಲಿ ಕೀಲಿ ಕೋಡ್‌ನಲ್ಲೇ ಬರೆದಿಟ್ಟದ್ದು, ಎಲ್ಲರ ಯಂತ್ರದಲ್ಲೂ ಒಂದೇ. ಬೀಗ ಹಾಕಿ ಕೀಲಿಯನ್ನು ಹೊಸ್ತಿಲ ಮೇಲೇ ಇಟ್ಟ ಹಾಗೆ.

ಮೊದಲು ಕ್ರೋಮಿಯಂ ಅನ್ನು ಹಿನ್ನೆಲೆಯಲ್ಲೂ ಓಡದಂತೆ ಪೂರ್ತಿ ಮುಚ್ಚಿ. ಟರ್ಮಿನಲ್‌ನಿಂದ 'ಪಾಸ್‌ವರ್ಡ್-ಸ್ಟೋರ್' ಆಯ್ಕೆಗೆ 'ಗ್ನೋಮ್-ಲಿಬ್‌ಸೀಕ್ರೆಟ್' ಎಂದು ಕೊಟ್ಟು ತೆರೆಯಿರಿ. ಹೆಸರಿನಲ್ಲಿ ಗ್ನೋಮ್ ಇದ್ದರೂ ಅದು ಯಾವ ಸೀಕ್ರೆಟ್ ಸರ್ವಿಸ್ ಜೊತೆಗಾದರೂ ಮಾತಾಡುತ್ತದೆ. ಕೆಲಸ ಮಾಡಿದರೆ ಆ ಆಯ್ಕೆಯನ್ನು ಮೆನುವಿನಿಂದ ಕ್ರೋಮಿಯಂ ತೆರೆಯುವ ಡೆಸ್ಕ್‌ಟಾಪ್ ಫೈಲ್‌ಗೆ ಸೇರಿಸಿ.

ಆಗಲೂ ಆಗದಿದ್ದರೆ ಎರಡು ಕಡೆ ನೋಡಿ. ಡಿ-ಬಸ್‌ನಲ್ಲಿ (ಪ್ರೋಗ್ರಾಂಗಳು ಪರಸ್ಪರ ಮಾತಾಡುವ ದಾರಿ) ಸೀಕ್ರೆಟ್ ಸರ್ವಿಸ್‌ಗೆ ಮೀಸಲಾದ 'ಸೀಕ್ರೆಟ್ಸ್' ಹೆಸರನ್ನು ಗ್ನೋಮ್-ಕೀರಿಂಗ್ ಮೊದಲೇ ಹಿಡಿದಿರಬಹುದು. ಯಾರ ಕೈಯಲ್ಲಿದೆ ಎಂದು ಬಸ್‌ಸಿಟಿಎಲ್ ಕಮಾಂಡ್ ತೋರಿಸುತ್ತದೆ. ಇಲ್ಲವೇ ನಿಮ್ಮ ಕೀರಿಂಗ್‌ನಲ್ಲಿ 'ಡೀಫಾಲ್ಟ್' ಎಂಬ ಅಲಿಯಾಸ್ (ಅಡ್ಡಹೆಸರು) ಪಾಸ್‌ವರ್ಡ್‌ಗಳ ಯಾವ ಸಂಗ್ರಹಕ್ಕೂ ಅಂಟಿಲ್ಲದಿರಬಹುದು. ಹಾಗಿದ್ದರೆ ಹೊಸದನ್ನು ಉಳಿಸುವಾಗಲೇ ಸೋಲಬಹುದು.

ನಿಮ್ಮ ಕೀರಿಂಗ್‌ನ ವಿನ್ಯಾಸದ ಬಗ್ಗೆ: ಸೀಕ್ರೆಟ್ ಸರ್ವಿಸ್ ಬಿಟ್ಟು ಸ್ವಂತ ಪ್ರೋಟೊಕಾಲ್ ಬೇಡ, ದಯವಿಟ್ಟು. ಯಾವ ಆ್ಯಪ್ ಕೂಡ ಅದನ್ನು ಬಳಸುವುದಿಲ್ಲ. ಕೀರಿಂಗ್‌ನ ಬೀಗ ತೆರೆಯಲು ಪ್ಯಾಮ್ (ಲಿನಕ್ಸ್‌ನಲ್ಲಿ ಲಾಗಿನ್ ಪರಿಶೀಲಿಸುವ ವ್ಯವಸ್ಥೆ) ಮಾಡ್ಯೂಲ್ ಬರೆದರೆ ಲಾಗಿನ್ ಪಾಸ್‌ವರ್ಡೇ ಸಾಕಾಗುತ್ತದೆ. ಆದರೆ ಆಟೊ-ಲಾಗಿನ್ ಇಟ್ಟವರು ಪಾಸ್‌ವರ್ಡ್ ಟೈಪ್ ಮಾಡುವುದೇ ಇಲ್ಲ. ಅವರಿಗಾಗಿ ಪಾಸ್‌ವರ್ಡ್ ಕೇಳುವ ಸಣ್ಣ ಕಿಟಕಿಯೊಂದನ್ನು ಮೊದಲ ಆವೃತ್ತಿಯಲ್ಲೇ ಸೇರಿಸಿ.