ಪ್ರತಿಕ್ರಿಯೆ: 1940ರ ನಂತರ ಆಲ್ಟ್‌ಮಾರ್ಕ್ ಏನಾಯಿತು?

ಎರಡನೇ ಮಹಾಯುದ್ಧದ ಜರ್ಮನ್ ಸರಬರಾಜು ಹಡಗುಗಳ ನಿಮ್ಮ ಪಟ್ಟಿಯಲ್ಲಿ ಟ್ಯಾಂಕರ್ ಆಲ್ಟ್‌ಮಾರ್ಕ್ 1940ಕ್ಕೇ ನಿಂತು, ಉಕರ್‌ಮಾರ್ಕ್ ಎಲ್ಲಿಂದಲೋ ಬಂದಂತೆ ಕಾಣುತ್ತಿರುವುದಕ್ಕೆ ಕಾರಣ ಹೆಸರು ಬದಲಾವಣೆ. ಎರಡೂ ಒಂದೇ ಹಡಗು; ಆಲ್ಟ್‌ಮಾರ್ಕ್‌ಗೇ ಆಮೇಲೆ ಉಕರ್‌ಮಾರ್ಕ್ ಎಂದು ಹೆಸರಿಟ್ಟರು. 1940ರ ಫೆಬ್ರವರಿ 16ರ ರಾತ್ರಿ ನಾರ್ವೆಯ ಯೋಸಿಂಗ್‌ಫ್ಯೋರ್ಡ್‌ನಲ್ಲಿ ಬ್ರಿಟಿಷ್ ಡಿಸ್ಟ್ರಾಯರ್ ಕೊಸಾಕ್‌ನ ತಂಡ ಅದನ್ನು ಹತ್ತಿ ಅದರಲ್ಲಿ ಸೆರೆಯಲ್ಲಿದ್ದ 299 ನಾವಿಕರನ್ನು ಬಿಡಿಸಿತಷ್ಟೇ, ಹಡಗನ್ನು ಮುಳುಗಿಸಲಿಲ್ಲ. ಬಹಳ ಜನ ಎಡವುವುದು ಇಲ್ಲೇ.

ಮೊದಲು ಎರಡೂ ಸಾಲುಗಳನ್ನು ಒಂದು ಮಾಡಿ, ಅಂತ್ಯದ ಕಡೆ 1942 ನವೆಂಬರ್ 30, ಯೊಕೊಹಾಮಾ ಎಂದು ಹಾಕಿ. ಅಂದು ಹಡಗು ಅಲ್ಲೇ ಸ್ಫೋಟಗೊಂಡಿತು; ಆ ಬೆಂಕಿಗೆ ಪಕ್ಕದಲ್ಲಿದ್ದ ಜರ್ಮನ್ ದಾಳಿ ಹಡಗು ಥೋರ್ ಕೂಡ ಸುಟ್ಟುಹೋಯಿತು. ಕಾರಣದ ಕಾಲಂನಲ್ಲಿ ಮಾತ್ರ ‘ಬಹುಶಃ’ ಸೇರಿಸಿ: ಟ್ಯಾಂಕ್ ತೊಳೆಯುವಾಗ ಒಳಗೆ ಉಳಿದಿದ್ದ ಪೆಟ್ರೋಲ್ ಆವಿಗೆ ಕಿಡಿ ತಗುಲಿತು ಎಂಬುದು ಸಾಮಾನ್ಯವಾಗಿ ಒಪ್ಪುವ ವಿವರಣೆ, ಖಚಿತ ಪುರಾವೆಯಲ್ಲ.

ಆಮೇಲೆ ಅದೇ ವರ್ಗದ ಉಳಿದ ಹಡಗುಗಳ ಹೆಸರನ್ನೂ ಪರಿಶೀಲಿಸಿ. ವೆಸ್ಟರ್‌ವಾಲ್ಡ್ ಎಂದರೆ ನಾರ್ಡ್‌ಮಾರ್ಕ್. ಯುದ್ಧ ಮುಗಿದ ಮೇಲೆ ಅದೇ ಬ್ರಿಟಿಷರ ಬುಲವಾಯೊ, 1955ರಲ್ಲಿ ಗುಜರಿಗೆ. ಡಿತ್‌ಮಾರ್ಶೆನ್ ಅಮೆರಿಕದ ಪಾಲಾಗಿ ಕನೆಕಾ ಆಯಿತು. ಫ್ರಾಂಕೆನ್ 1945ರ ಏಪ್ರಿಲ್ 8ರಂದು ಬಾಲ್ಟಿಕ್ ಸಮುದ್ರದ ಹೆಲಾ ಬಳಿ ಸೋವಿಯತ್ ವಿಮಾನಗಳ ದಾಳಿಗೆ ಮುಳುಗಿತು.

1941ರ ಜೂನ್‌ನಲ್ಲಿ ಸಾಲುಸಾಲಾಗಿ ಹಡಗುಗಳು ಕೈತಪ್ಪಿ ಹೋಗಿರುವುದು ಪಟ್ಟಿಯ ದೋಷವಲ್ಲ. ಆಗ ಬ್ರಿಟಿಷರು ಜರ್ಮನ್ನರ ಗೂಢಲಿಪಿ ಯಂತ್ರವಾದ ಎನಿಗ್ಮಾದ ಸಂದೇಶಗಳನ್ನು ಓದುತ್ತಿದ್ದರು; ಯುದ್ಧನೌಕೆ ಬಿಸ್ಮಾರ್ಕ್‌ಗೆಂದು ಕಾದಿದ್ದ ಟ್ಯಾಂಕರ್‌ಗಳೂ ಸಿಕ್ಕಿಬಿದ್ದವು. ಅವನ್ನೆಲ್ಲ ‘ಮುಳುಗಿತು’ ಎಂದು ಗುಡ್ಡೆ ಹಾಕಬೇಡಿ. ಗೆಡಾನಿಯಾ, ಲೋತ್ರಿಂಗೆನ್ ವಶವಾದವು. ಎಸ್ಸೊ ಹ್ಯಾಂಬರ್ಗ್, ಎಗರ್‌ಲ್ಯಾಂಡ್‌ಗಳನ್ನು ಸಿಬ್ಬಂದಿಯೇ ಮುಳುಗಿಸಿದರು. ಇದಕ್ಕೆ ಬೇರೆ ಕಾಲಂ ಇಡಿ.