ರಾತ್ರಿ ಹನ್ನೊಂದು ಅಂತ ಬರೆದಿದ್ದರೆ ಬೆಳಗಿನ ಜಾವ ನಾಲ್ಕೂವರೆ

ಪ್ರಶ್ನೆ: ಮೇಡಂ, ನಾನು ತುಮಕೂರಿನ ಕ್ಯಾತ್ಸಂದ್ರದವಳು. ಪ್ರೈವೇಟ್ ಪೈಲಟ್ ಲೈಸೆನ್ಸ್‌ಗೆ ತರಬೇತಿ ಪಡೆಯುತ್ತಿದ್ದೇನೆ. ವಿಮಾನ ಹಾರಿಸೋದು ನಿಧಾನಕ್ಕೆ ಕೈಗೆ ಹತ್ತುತ್ತಿದೆ. ಆದರೆ ಹೊರಡುವ ಮುಂಚೆ ಓದಬೇಕಾದ ನೋಟಾಮ್ (ಪೈಲಟ್‌ಗಳಿಗೆ ಬರುವ ಸೂಚನೆ) ಮಾತ್ರ ತಲೆಗೆ ಹೋಗುತ್ತಿಲ್ಲ. ಬರೀ ದೊಡ್ಡಕ್ಷರ, ಅಂಕಿ, ಅಡ್ಡಗೆರೆ. ಮೊಬೈಲ್ ಆ್ಯಪ್ ಅದನ್ನೆಲ್ಲ ಬಿಡಿಸಿ ಹೇಳುತ್ತದೆ. ಅಷ್ಟು ಸಾಲದೇ?

ಉತ್ತರ: ಸಾಲದು. ಆ್ಯಪ್ ಇಟ್ಟುಕೊಳ್ಳಿ, ಬೇಡ ಅನ್ನಲ್ಲ. ಆದರೆ ಮೂಲ ಹಾಳೆ ಓದಲು ನಿಮಗೇ ಬರಬೇಕು. ನಿವೃತ್ತಿಯಾಗಿ ಚಿಂತಾಮಣಿಗೆ ಬರುವ ತನಕ ವಿಮಾನ ನಿಲ್ದಾಣದ ಬ್ರೀಫಿಂಗ್ ಕೌಂಟರ್‌ನಲ್ಲಿ ಕೂತು ಪೈಲಟ್‌ಗಳ ಕೈಗೆ ಈ ಹಾಳೆ ಕೊಡೋದೇ ನನ್ನ ಕೆಲಸವಾಗಿತ್ತು. ಮೊದಲ ಸಾಲಿನಿಂದಲೇ ಓದಲು ಶುರು ಮಾಡಿ, ಅಲ್ಲೇ ಸಿಕ್ಕಿಹಾಕಿಕೊಂಡು, ಉಳಿದದ್ದನ್ನು ಸುಮ್ನೆ ಕಣ್ಣಾಡಿಸಿ ಮಡಚುವವರೇ ಜಾಸ್ತಿ. ಮೊದಲ ಸಾಲು ಇರೋದು ಕಂಪ್ಯೂಟರಿಗೆ. ನಿಮಗೆ ಬೇಕಾದ್ದು ಅದರ ಕೆಳಗಿದೆ.

ರನ್‌ವೇ ಮುಚ್ಚಿದೆ, ದೀಪ ಕೆಟ್ಟಿದೆ, ಹತ್ತಿರದಲ್ಲಿ ಕ್ರೇನ್ ನಿಂತಿದೆ, ಈ ಆಕಾಶಕ್ಕೆ ಇಷ್ಟು ಹೊತ್ತು ಬರಬೇಡಿ. ಹೀಗೆ ದಿಢೀರನೆ ಬರುವ, ಅಥವಾ ಸ್ವಲ್ಪ ಕಾಲ ಮಾತ್ರ ಇರುವ ವಿಷಯಗಳೇ ನೋಟಾಮ್. ನಮ್ಮಲ್ಲಿ ಇದನ್ನು ಹೊರಡಿಸೋದು ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ. ಅಕ್ಷರಕ್ಕೂ ಲೆಕ್ಕ ಇದ್ದ ತಂತಿ, ಟೆಲೆಕ್ಸ್ ಕಾಲದ ಚಾಳಿ ಇದರಲ್ಲಿ ಇನ್ನೂ ಉಳಿದಿದೆ. ಅದಕ್ಕೇ ಇಷ್ಟು ಮೊಟಕು.

ಒಂದು ಮಾದರಿ ನೋಡೋಣ. ಇದು ಕಲಿಯಲಿಕ್ಕೆಂದು ನಾನೇ ಬರೆದದ್ದು, ನಿಜವಾದ ನೋಟಾಮ್ ಅಲ್ಲ.

ಕ್ಯೂ) ವಿಒಎಂಎಫ್/ಕ್ಯೂಎಂಆರ್‌ಎಲ್‌ಸಿ/ಐವಿ/ಎನ್‌ಬಿಒ/ಎ/000/999/1214ಎನ್07639ಇ005
ಎ) ವಿಒಎಂವೈ ಬಿ) 2603102300 ಸಿ) 2603140230
ಡಿ) ಡೈಲಿ 2300-0230
ಇ) ಆರ್‌ಡಬ್ಲ್ಯುವೈ 09/27 ಸಿಎಲ್‌ಎಸ್‌ಡಿ ಡ್ಯೂ ಡಬ್ಲ್ಯುಐಪಿ

ಮೊದಲು 'ಎ' ನೋಡಿ. ಎಲ್ಲಿ? ವಿಒಎಂವೈ ಅಂದರೆ ಮೈಸೂರು. ನೀವು ಹೋಗುವ ಜಾಗ ಅಲ್ಲವಾದರೆ, ದಾರಿಯಲ್ಲೂ ಸಿಗುವುದಿಲ್ಲವಾದರೆ, ಮುಂದಿನದಕ್ಕೆ ಹೋಗಿ. ಆಮೇಲೆ 'ಇ' ನೋಡಿ. ಏನು? 09/27 ರನ್‌ವೇ ಮುಚ್ಚಿದೆ, ಕೆಲಸ ನಡೆಯುತ್ತಿದೆ. ಮೈಸೂರಿನಲ್ಲಿ ಇರೋದು ಅದೊಂದೇ ರನ್‌ವೇ. ಅಂದರೆ ಇಳಿಯೋಕೆ ಜಾಗವೇ ಇಲ್ಲ.

ಇನ್ನು ಯಾವಾಗ? ಇಲ್ಲಿ ನಿಧಾನಿಸಿ. 'ಬಿ' ಶುರುವಾಗುವ ಹೊತ್ತು, 'ಸಿ' ಮುಗಿಯುವ ಹೊತ್ತು. ವರ್ಷ, ತಿಂಗಳು, ದಿನ, ಗಂಟೆ, ನಿಮಿಷ, ಎಲ್ಲಕ್ಕೂ ಎರಡೆರಡು ಅಂಕಿ. ಹಾಗಾಗಿ 2026ರ ಮಾರ್ಚ್ 10ರ 2300ರಿಂದ ಮಾರ್ಚ್ 14ರ 0230ರವರೆಗೆ. 'ಡಿ' ಹೇಳೋದು ಆ ದಿನಗಳಲ್ಲಿ ಪ್ರತಿದಿನ ಯಾವ ಹೊತ್ತು ಅಂತ. 2300ರಿಂದ 0230. "ರಾತ್ರಿ ಹನ್ನೊಂದರಿಂದ ಎರಡೂವರೆ ತಾನೇ? ನಾನು ಹಾರೋದು ಹಗಲಲ್ಲಿ, ನನಗೇನು" ಅಂದುಕೊಂಡು ಪುಟ ತಿರುಗಿಸಿದರೆ ಕೆಟ್ಟಿರಿ. ನೋಟಾಮ್‌ನ ಗಡಿಯಾರ ಯುಟಿಸಿ, ಅಂದರೆ ಇಡೀ ಜಗತ್ತಿಗೆ ಒಂದೇ ಆದ ಸಮಯ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. 2300 ಅಂದರೆ ನಮಗೆ ಬೆಳಗಿನ ಜಾವ 4.30. 0230 ಅಂದರೆ ಬೆಳಿಗ್ಗೆ 8. ತಾರೀಕೂ ಬದಲಾಗುತ್ತದೆ. ಹಾಳೆಯಲ್ಲಿ 10 ಅಂತಿದ್ದರೂ ನಮಗೆ ಅದು 11ರ ಬೆಳಗಿನ ಜಾವ.

ಈಗ ನಿಮ್ಮ ಹಾರಾಟದ ಪಕ್ಕದಲ್ಲಿ ಇದನ್ನು ಇಟ್ಟು ನೋಡಿ. ಚಿಕ್ಕ ವಿಮಾನದವರು ಗಾಳಿ ತಣ್ಣಗಿರುವಾಗ, ಮೋಡ ಏಳುವ ಮುಂಚೆ ಹೊರಡಲು ಇಷ್ಟಪಡುತ್ತಾರೆ. ಬೆಂಗಳೂರಿನ ಜಕ್ಕೂರಿನಿಂದ 6.30ಕ್ಕೆ ಮೇಲೇರಿದರೆ ಸೆಸ್ನಾ 172ರಲ್ಲಿ ಸುಮಾರು ಮುಕ್ಕಾಲು ಗಂಟೆಗೆ ಮೈಸೂರಿನ ಮೇಲಿರುತ್ತೀರಿ. ಆಗ ಸಮಯ 7.15. ಕೆಳಗೆ ರನ್‌ವೇ ಮೇಲೆ ಜನ, ಯಂತ್ರ. 11, 12, 13, 14, ನಾಲ್ಕು ಬೆಳಿಗ್ಗೆಯೂ ಇದೇ ಕಥೆ. ಅದಕ್ಕೇ ಹೇಳ್ತೀನಿ, ಪೆನ್ ತಗೊಂಡು ಪ್ರತಿ ಹೊತ್ತಿನ ಪಕ್ಕದಲ್ಲಿ ನಮ್ಮ ಸಮಯ, ನಮ್ಮ ತಾರೀಕು ಎರಡನ್ನೂ ಬರೆಯಿರಿ. ಮನಸ್ಸಿನಲ್ಲೇ ಕೂಡಬೇಡಿ. ಬೆಳಿಗ್ಗೆ ಐದೂವರೆಗೆ ಮುಂಚಿನ ಹೊತ್ತೆಲ್ಲ ಯುಟಿಸಿಯಲ್ಲಿ ಹಿಂದಿನ ದಿನಕ್ಕೆ ಸೇರುತ್ತದೆ ಅನ್ನೋದನ್ನು ನಮ್ಮವರು ಬೇಗ ಮರೆಯುತ್ತಾರೆ.

'ಸಿ' ಹೊತ್ತಿನ ಮುಂದೆ ಇಎಸ್‌ಟಿ ಅಂತಿದ್ದರೆ ಅದು ಅಂದಾಜು ಮಾತ್ರ. ಆ ಹೊತ್ತು ಕಳೆದ ಕೂಡಲೇ ನೋಟಾಮ್ ತಾನಾಗಿ ಸಾಯಲ್ಲ. ರದ್ದು ಮಾಡುವ ಅಥವಾ ಅದರ ಜಾಗಕ್ಕೆ ಬರುವ ಇನ್ನೊಂದು ನೋಟಾಮ್ ಬರುವ ತನಕ ಅದು ಜಾರಿಯಲ್ಲೇ ಇರುತ್ತದೆ. ಪಿಇಆರ್‌ಎಂ ಇದ್ದರೆ ಶಾಶ್ವತ. ನಿಜವಾದ ನೋಟಾಮ್‌ನಲ್ಲಿ ಇದೆಲ್ಲದರ ಮೇಲೆ ಒಂದು ನಂಬರ್ ಇರುತ್ತದೆ. ಅದರ ಪಕ್ಕದಲ್ಲಿ ನೋಟಾಮ್-ಎನ್ ಇದ್ದರೆ ಹೊಸದು, ಆರ್ ಇದ್ದರೆ ಹಳೆಯದರ ಬದಲಿಗೆ ಬಂದದ್ದು, ಸಿ ಇದ್ದರೆ ರದ್ದು.

ಈಗ ನಿಮ್ಮನ್ನು ಹೆದರಿಸಿದ ಮೊದಲ ಸಾಲು, 'ಕ್ಯೂ'. ಅಂಚೆ ವಿಂಗಡಿಸುವವರಿಗೆ ಪಿನ್‌ಕೋಡ್ ಇದ್ದ ಹಾಗೆ ಅದು. ವಿಒಎಂಎಫ್ ಅಂದರೆ ಚೆನ್ನೈ ವಾಯುವಲಯ. ನಮ್ಮ ಬೆಂಗಳೂರು, ಮೈಸೂರು ಅದರೊಳಗೇ ಬರುತ್ತವೆ. ಆಮೇಲಿನ ಐದಕ್ಷರದಲ್ಲಿ ಮೊದಲನೆಯದು ಯಾವಾಗಲೂ ಕ್ಯೂ. ಮಧ್ಯದ ಎರಡು ಯಾವುದಕ್ಕೆ ಅಂತ, ಕೊನೆಯ ಎರಡು ಏನಾಗಿದೆ ಅಂತ. ಎಂಆರ್ ರನ್‌ವೇ, ಎಂಎಕ್ಸ್ ಟ್ಯಾಕ್ಸಿವೇ (ವಿಮಾನ ರನ್‌ವೇಗೆ ಹೋಗಿಬರುವ ದಾರಿ), ಎಫ್‌ಎ ಇಡೀ ವಿಮಾನ ನಿಲ್ದಾಣ, ಒಬಿ ಅಡಚಣೆ. ಎಲ್‌ಸಿ ಮುಚ್ಚಿದೆ, ಎಎಸ್ ಕೆಲಸ ಮಾಡುತ್ತಿಲ್ಲ, ಸಿಇ ಎದ್ದು ನಿಂತಿದೆ, ಸಿಎ ಜಾರಿಯಲ್ಲಿದೆ. ಇಷ್ಟು ಗೊತ್ತಿದ್ದರೆ ದಿನದ ಬಹುಪಾಲು ಹಾಳೆ ಓದಬಹುದು. ಕೊನೆಯ 005 ಅಂದರೆ ಅದರ ಮುಂಚೆ ಬರೆದ ಅಕ್ಷಾಂಶ, ರೇಖಾಂಶದ ಬಿಂದುವಿನ ಸುತ್ತ 5 ನಾಟಿಕಲ್ ಮೈಲಿ, ಒಂಬತ್ತು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. ಈ ವೃತ್ತ ಹುಡುಕಲಿಕ್ಕೆ ಮಾತ್ರ. ನಿಷೇಧದ ನಿಜವಾದ ಗಡಿ ಇರೋದು 'ಇ'ಯಲ್ಲಿ. ವೃತ್ತ ನೋಡಿ ದಾರಿ ಎಳೆಯಬೇಡಿ.

ಆಕಾಶಕ್ಕೆ ಸಂಬಂಧಿಸಿದ ನೋಟಾಮ್‌ನಲ್ಲಿ 'ಎಫ್', 'ಜಿ' ಅಂತ ಇನ್ನೆರಡು ಬರುತ್ತವೆ. ಎಲ್ಲಿಂದ ಎಲ್ಲಿಯವರೆಗಿನ ಎತ್ತರ ಅಂತ. ಎತ್ತರ ಸಮುದ್ರಮಟ್ಟದಿಂದಲೋ ನೆಲದಿಂದಲೋ ಅನ್ನೋದು ನಮ್ಮ ಕಡೆ ಬಹಳ ಮುಖ್ಯ. 5500 ಅಡಿ ಎಎಂಎಸ್‌ಎಲ್ ಅಂತಿದೆ ಅಂದುಕೊಳ್ಳಿ, ಅಂದರೆ ಸಮುದ್ರಮಟ್ಟದಿಂದ. ಚಿಕ್ಕಬಳ್ಳಾಪುರ ಊರೇ ಸುಮಾರು 3000 ಅಡಿಯಲ್ಲಿದೆ. ಊರಿನ ಮೇಲೆ ಉಳಿಯೋದು 2500 ಅಡಿ. ನಂದಿಬೆಟ್ಟದ ತುದಿ 1478 ಮೀಟರ್, ಅಂದರೆ 4850 ಅಡಿ ಹತ್ತಿರ. ಬೆಟ್ಟದ ಮೇಲೆ ಉಳಿಯೋದು ಬರೀ 650 ಅಡಿ. ಎಜಿಎಲ್ ಅಂತಿದ್ದರೆ ಲೆಕ್ಕ ನೆಲದಿಂದ. ಎರಡೂ ಒಂದೇ ಅಂತ ಓದಿಬಿಟ್ಟರೆ ಏನಾಗಬಹುದು ನೀವೇ ಯೋಚಿಸಿ.

ಹಾಳೆ ಉದ್ದ ಆದಷ್ಟೂ ಮುಖ್ಯವಾದದ್ದು ಹೂತುಹೋಗುತ್ತದೆ. 2017ರ ಜುಲೈ 7ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಏರ್ ಕೆನಡಾದ ವಿಮಾನವೊಂದು ರನ್‌ವೇ ಬಿಟ್ಟು ಟ್ಯಾಕ್ಸಿವೇ ಮೇಲೆ ಇಳಿಯಲು ಹೋಯಿತು. ಅಲ್ಲಿ ನಾಲ್ಕು ವಿಮಾನಗಳು ಸಾಲಾಗಿ ನಿಂತಿದ್ದವು. ಸುಮಾರು 60 ಅಡಿ ಎತ್ತರದವರೆಗೆ ಇಳಿದು ಮತ್ತೆ ಮೇಲೇರಿತು. ಪಕ್ಕದ ರನ್‌ವೇ ಮುಚ್ಚಿ ದೀಪ ಆರಿಸಿದ್ದರು. ಅದಕ್ಕೇ ಪೈಲಟ್‌ಗಳು ಟ್ಯಾಕ್ಸಿವೇಯನ್ನೇ ರನ್‌ವೇ ಅಂದುಕೊಂಡರು. ರನ್‌ವೇ ಮುಚ್ಚಿದ ವಿಷಯ ಅವರ ಕೈಯಲ್ಲಿದ್ದ 27 ಪುಟದ ಕಾಗದದ 8ನೇ ಪುಟದಲ್ಲಿತ್ತು. ಓದಿದ್ದರು, ಆದರೆ ಆ ಹೊತ್ತಿಗೆ ನೆನಪಿಗೆ ಬರಲಿಲ್ಲ. ವ್ಯವಸ್ಥೆ ಸರಿಯಾಗಬೇಕು ಅಂತ ನಾನೂ ಹೇಳುತ್ತಲೇ ಬಂದಿದ್ದೇನೆ. ಆಗುವ ತನಕ ಕಾಪಾಡಿಕೊಳ್ಳಬೇಕಾದವರು ನೀವೇ.

ಹೊರಡುವ ಜಾಗ, ಇಳಿಯುವ ಜಾಗ, ಇಳಿಯೋಕೆ ಆಗದಿದ್ದರೆ ಹೋಗುವ ಇನ್ನೊಂದು ಜಾಗ, ಆಮೇಲೆ ದಾರಿ. ಒಂದೊಂದರಲ್ಲೂ ಮೊದಲು ರನ್‌ವೇ, ಆಮೇಲೆ ಆಕಾಶದ ನಿರ್ಬಂಧ, ಕೊನೆಗೆ ದೀಪ, ಕ್ರೇನ್. ಹಾರಾಟಕ್ಕೆ ತಾಗುವ ವಿಷಯವನ್ನು ಮೊಣಕಾಲಿನ ಪ್ಯಾಡ್ ಮೇಲೆ ನಿಮ್ಮ ಮಾತಿನಲ್ಲೇ ಬರೆದುಕೊಳ್ಳಿ: "ಮೈಸೂರು, 8 ಗಂಟೆವರೆಗೆ ಇಳಿಯುವಂತಿಲ್ಲ." ಜಕ್ಕೂರಿನಿಂದ ಹಾರುವವರು ಯಲಹಂಕ, ಎಚ್‌ಎಎಲ್, ಕೆಂಪೇಗೌಡ ನಿಲ್ದಾಣ, ಮೂರರ ನೋಟಾಮ್‌ಗಳನ್ನೂ ನೋಡಲೇಬೇಕು. ಏರೋ ಇಂಡಿಯಾ ನಡೆಯುವ ಫೆಬ್ರವರಿಯಲ್ಲಂತೂ ಹೊತ್ತುಗಳು ಮತ್ತೆ ಮತ್ತೆ ಬದಲಾಗುತ್ತವೆ. ಹಿಂದಿನ ರಾತ್ರಿ ತೆಗೆದ ಹಾಳೆಯನ್ನು ನೆಚ್ಚಿಕೊಳ್ಳದೆ, ಹೊರಡುವ ಮುಂಚೆ ಇನ್ನೊಮ್ಮೆ ತೆಗೆಸಿ. ಅನುಮಾನ ಬಂದರೆ ಬ್ರೀಫಿಂಗ್‌ನವರನ್ನು ಕೇಳಿ. ಕೇಳಿದವರನ್ನು ನಾವ್ಯಾರೂ ದಡ್ಡರು ಅಂದುಕೊಳ್ಳುತ್ತಿರಲಿಲ್ಲ. ಅವರು ಹೊರಟ ಮೇಲೆ ನಮಗೇ ನೆಮ್ಮದಿ ಇರುತ್ತಿತ್ತು.

ಪ್ರಶ್ನೆ: ಕ್ಷಿಪಣಿ ಪರೀಕ್ಷೆಗೆ ಮುಂಚೆ "ಭಾರತ ನೋಟಾಮ್ ಹೊರಡಿಸಿದೆ" ಅಂತ ಟಿವಿಯಲ್ಲಿ ಹೇಳುತ್ತಾರೆ. ಗುಟ್ಟಾಗಿ ಇರಬೇಕಾದ್ದನ್ನು ಮುಂಚೆಯೇ ಯಾಕೆ ಹೇಳೋದು? (ಓದುಗರು, ಬಂಗಾರಪೇಟೆ)

ಉತ್ತರ: ಅದೂ ಇದೇ ಹಾಳೆ ಕಣ್ರೀ. ಬಂಗಾಳ ಕೊಲ್ಲಿಯ ಮೇಲೆ ಯಾವ ದೇಶದ ವಿಮಾನ ಬೇಕಾದರೂ ಹೋಗುತ್ತಿರಬಹುದು, ಅವರಿಗೆ ಹೇಳದೆ ಹಾರಿಸೋಕಾಗಲ್ಲ. ಶ್ರೀಹರಿಕೋಟದ ರಾಕೆಟ್‌ಗೂ ಹೀಗೇ. 2025ರ ಏಪ್ರಿಲ್ 30ರಂದು ಪಾಕಿಸ್ತಾನದ ವಿಮಾನಗಳಿಗೆ ನಮ್ಮ ಆಕಾಶ ಮುಚ್ಚಿದ್ದೂ ನೋಟಾಮ್ ಮೂಲಕವೇ. ಹಾಳೆಯಲ್ಲಿ ಇರೋದು ಜಾಗ, ಎತ್ತರ, ಹೊತ್ತು. ವರದಿಗಾರರು ಆ ಬಿಂದುಗಳನ್ನು ನಕ್ಷೆಯ ಮೇಲಿಟ್ಟು, ಉದ್ದ ಅಳೆದು, ಇಂಥ ಕ್ಷಿಪಣಿಯೇ ಇರಬೇಕು ಅಂತ ಊಹಿಸುತ್ತಾರೆ. ಕ್ಷಿಪಣಿಯ ಹೆಸರನ್ನು ಹಾಳೆಯಲ್ಲಿ ಬರೆದಿರಲ್ಲ.