ಟಪಾಲು ಚೀಲವೂ ಬಂದೂಕೂ

ಪ್ರಶ್ನೆ: ‘ಟಾಲಬಲ್ ಡೇವಿಡ್’ ಎಂಬ ಅಮೆರಿಕದ ಮೂಕಿ ಚಿತ್ರವನ್ನು ಹಾಸನದ ಗೆಳೆಯರ ಮನೆಯಲ್ಲಿ ನೋಡಿದೆ. ಊರಿಗೆ ಶೆರಿಫ್ ಇದ್ದರೂ ನಾಯಕನೇ ಬಂದೂಕು ಹಿಡಿಯುತ್ತಾನೆ. ಕಾನೂನನ್ನು ಕೈಗೆತ್ತಿಕೊಳ್ಳುವುದನ್ನು ಚಿತ್ರ ಸಮರ್ಥಿಸುತ್ತದೆಯೇ? ಶೆರಿಫ್ ಎಂದರೆ ನಮ್ಮ ಸಬ್ ಇನ್‌ಸ್ಪೆಕ್ಟರ್ ತಾನೇ?
– ಓದುಗರೊಬ್ಬರು, ಸಕಲೇಶಪುರ

ಉತ್ತರ: ಎರಡನೆಯ ಪ್ರಶ್ನೆಗೆ ಉತ್ತರ ಸುಲಭ: ಅಲ್ಲ. ಅಲ್ಲಿನ ಬಹುಪಾಲು ರಾಜ್ಯಗಳಲ್ಲಿ ಶೆರಿಫ್‌ನನ್ನು ಕೌಂಟಿಯ (ನಮ್ಮ ಜಿಲ್ಲೆಯಂಥ ಆಡಳಿತ ಪ್ರದೇಶದ) ಜನರೇ ಓಟು ಹಾಕಿ ಆರಿಸುತ್ತಾರೆ. ನಮ್ಮ ಸಬ್ ಇನ್‌ಸ್ಪೆಕ್ಟರ್ ಸರ್ಕಾರದಿಂದ ನೇಮಕಗೊಂಡವರು, ಇಂದು ಇಲ್ಲಿ, ನಾಳೆ ವರ್ಗ. ಹಳೆಯ ಪಟೇಲರಿಗೂ ಅವನನ್ನು ಹೋಲಿಸಲಾಗದು, ಏಕೆಂದರೆ 1961ರ ಕಾಯ್ದೆಯಿಂದ ರದ್ದಾದ ಆ ಪಟೇಲಿಕೆ ವಂಶಪಾರಂಪರ್ಯವಾಗಿ ಬರುತ್ತಿತ್ತು.

ಮೊದಲನೆಯದು ಯೋಚಿಸಬೇಕಾದ ಪ್ರಶ್ನೆ. ಹೆನ್ರಿ ಕಿಂಗ್ 1921ರಲ್ಲಿ ನಿರ್ದೇಶಿಸಿದ ಈ ಚಿತ್ರದಲ್ಲಿ ಪರಾರಿಯಾಗಿ ಬಂದ ಹ್ಯಾಟ್‌ಬರ್ನ್ ಕುಟುಂಬದ ಮೂವರು, ನಾಯಕ ಡೇವಿಡ್‌ನ, ಟಪಾಲು ಗಾಡಿ ಹೊಡೆಯುವ ಅಣ್ಣನನ್ನು ಶಾಶ್ವತವಾಗಿ ಊನಗೊಳಿಸುತ್ತಾರೆ. ಸೇಡಿಗೆ ಹೊರಟ ತಂದೆ ಹೃದಯಾಘಾತದಿಂದ ಸಾಯುತ್ತಾನೆ. ಡೇವಿಡ್ ಹೊರಟಾಗ, ಮನೆಗೆ ಇನ್ನು ನೀನೊಬ್ಬನೇ ದಿಕ್ಕೆಂದು ತಾಯಿ ಅಂಗಲಾಚಿ ತಡೆಯುತ್ತಾಳೆ. ಹೀಗೆ ಸೇಡಿನ ದಾರಿಯನ್ನು ಚಿತ್ರವೇ ಎರಡು ಬಾರಿ ಮುಚ್ಚುತ್ತದೆ. ಮುಂದೆ ಅದೇ ಗಾಡಿ ಹೊಡೆಯುವ ಅವಕಾಶ ಸಿಕ್ಕ ಡೇವಿಡ್, ಹ್ಯಾಟ್‌ಬರ್ನ್‌ಗಳ ಕೈಸೇರಿದ ಟಪಾಲು ಚೀಲವನ್ನು ಕೇಳಲು ಹೋಗುತ್ತಾನೆಯೇ ಹೊರತು ಕೊಲ್ಲಲು ಅಲ್ಲ. ತೋಳಿಗೆ ಗುಂಡು ಬಿದ್ದ ಮೇಲಷ್ಟೇ ತಾನೂ ಗುಂಡು ಹಾರಿಸುತ್ತಾನೆ. ಬಸ್ಸಿನ ಮೇಲೆ ತೋಟದ ಊರುಗಳಿಗೆ ಬರುತ್ತಿದ್ದ ಟಪಾಲಿಗಾಗಿ ಕಾದವರಿಗೆ ಆ ಚೀಲದ ಬೆಲೆಯನ್ನು ವಿವರಿಸಬೇಕಿಲ್ಲ.

ನಮ್ಮ ಕಾನೂನಿನ ಒರೆಗೆ ಹಚ್ಚಿದರೂ ಈ ವ್ಯತ್ಯಾಸ ಉಳಿಯುತ್ತದೆ. ಸರ್ಕಾರಿ ರಕ್ಷಣೆ ಪಡೆಯಲು ಸಮಯವಿದ್ದಾಗ ಆತ್ಮರಕ್ಷಣೆಯ ಹಕ್ಕಿಲ್ಲವೆಂದು ಭಾರತೀಯ ನ್ಯಾಯ ಸಂಹಿತೆಯ 37ನೇ ಕಲಂ ಹೇಳುವುದರಿಂದ, ತಂದೆ ಹೊರಟಂತೆ ಹೋಗಿ ಕೊಂದಿದ್ದರೆ ಅದು ಕೊಲೆಯೇ ಆಗುತ್ತಿತ್ತು. ಮಗನ ಪರವಾಗಿ ಯಾವ ವಕೀಲರಾದರೂ ಧೈರ್ಯವಾಗಿ ವಾದಿಸಬಹುದು.

ಆದರೂ ನಿಮ್ಮ ಅನುಮಾನದಲ್ಲಿ ಹುರುಳಿದೆ. ದುಷ್ಟರಲ್ಲೊಬ್ಬ, ಬಿಸಿಲಿನಲ್ಲಿ ಮಲಗಿದ ಬೆಕ್ಕಿನ ಮರಿಯ ಮೇಲೆ ಸುಮ್ಮನೆ ದಪ್ಪ ಕಲ್ಲನ್ನು ಎತ್ತಿಹಾಕಲು ಹೋಗುತ್ತಾನೆ. ಜೊತೆಯವನು ತಳ್ಳಿದ್ದರಿಂದ ಮರಿ ಬದುಕುತ್ತದೆ. ಮಾತಿಲ್ಲದೆ ಸ್ವಭಾವವನ್ನು ತೋರಿಸುವ ಈ ಬಗೆಯನ್ನು ರಷ್ಯಾದ ನಿರ್ದೇಶಕ ಪುಡೋವ್‌ಕಿನ್ ತಮ್ಮ ಬರಹದಲ್ಲಿ ಮೆಚ್ಚಿದ್ದಾರೆ. ಆದರೆ ಆ ಕ್ಷಣದಲ್ಲೇ ನಾವು ಮನಸ್ಸಿನಲ್ಲಿ ತೀರ್ಪು ಬರೆದುಬಿಡುತ್ತೇವೆ. ಆದ್ದರಿಂದಲೇ, ಗಾಯಗೊಂಡ ಡೇವಿಡ್ ಚೀಲದೊಂದಿಗೆ ಊರಿಗೆ ಮರಳಿದಾಗ, ಸತ್ತವರ ಬಗ್ಗೆ ಮಹಜರು, ಹೇಳಿಕೆ, ವಿಚಾರಣೆ ಏನಾಯಿತೆಂದು ಪ್ರೇಕ್ಷಕರು ಕೇಳುವುದೇ ಇಲ್ಲ.